ಹೊಟ್ಟೆಯ ಅಧ್ಯಾಯ

ಅತ್ತೆಗೆ ಅಚ್ಚುಕೂಟದಲ್ಲಿ ರೇಡಿಯೋ ಎಂದು ಅಡ್ಡಹೆಸರಿತ್ತು. ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತರೆ ಸಂಜೆ ಏಳುವವರೆಗೂ ಗಟ್ಟಿಯಾಗಿ ಓದುವುದೇ ಅವರ ಕೆಲಸ. ಲೇಖಕರ ಮೂಲಪ್ರತಿ, ಅಚ್ಚಿನವರ ಮಾತಿನಲ್ಲಿ ಕಾಪಿ, ಅವರ ಕೈಯಲ್ಲಿ, ಅಚ್ಚಿನಿಂದ ಬಂದ ಕರಡು ಎದುರು ಕೂತವರ ಕೈಯಲ್ಲಿ. ಅತ್ತೆ ಓದಿದ್ದನ್ನು ಕಿವಿಯಲ್ಲಿ ಕೇಳುತ್ತ, ಕಣ್ಣಲ್ಲಿ ಕರಡು ನೋಡುತ್ತ, ಎದುರಿನವರು ತಪ್ಪಿದ ಕಡೆ ಕೆಂಪು ಗೀಟು ಹಾಕಬೇಕು. ಬರೀ ಪದ ಓದಿದರೆ ಆಗಲಿಲ್ಲ. ಕಾಮಾ ಬಂದರೆ ಕಾಮಾ ಎನ್ನಬೇಕು, ಚುಕ್ಕೆ ಬಂದರೆ ಚುಕ್ಕೆ. ಓದಿ ಓದಿ ಅತ್ತೆಯ ನಾಲಿಗೆಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಕೆಲಸ ಬಿಟ್ಟ ಮೇಲೂ ಔಷಧದ ಡಬ್ಬಿ ಕೈಗೆತ್ತಿಕೊಂಡರೆ "ದಿನಕ್ಕೆ ಎರಡು ಬಾರಿ ಕಾಮಾ ಊಟವಾದ ಮೇಲೆ ಚುಕ್ಕೆ" ಎಂದೇ ಓದುತ್ತಿದ್ದರು. ಮಗ ನಕ್ಕರೆ, "ನಗು, ನಗು. ಆ ಚುಕ್ಕೆ ಇಲ್ಲದಿದ್ರೆ ನಿನ್ನಂಥೋನಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗ್ತಿತ್ತಾ?" ಎನ್ನುತ್ತಿದ್ದರು.

ಆ ಕೆಲಸದಲ್ಲಿ ಎರಡು ಕಟ್ಟುನಿಟ್ಟು. ಮೂಲದಲ್ಲಿ ಇದ್ದದ್ದನ್ನು ಮಾತ್ರ ಓದಬೇಕು. ಅಲ್ಲಿ ಸೂರ್ಯ ಪಶ್ಚಿಮಕ್ಕೆ ಹುಟ್ಟಿದ್ದರೆ ಪಶ್ಚಿಮಕ್ಕೇ ಹುಟ್ಟಿಸಬೇಕು, ಸರಿಪಡಿಸುವುದು ಬಿಡುವುದು ಲೇಖಕರ ಹಣೆಬರಹ. ಇನ್ನೊಂದು, ಕರಡಿನ ಅಂಚಿನಲ್ಲಿ ಯಾರಾದರೂ ಹೊಸ ಸಾಲು ಬರೆದರೆ, ಬರೆದವರೇ ಅದನ್ನು ತಿರುಗಿ ಗಟ್ಟಿಯಾಗಿ ಓದಿ ಒಪ್ಪಿಸಬೇಕು. ಅತ್ತೆ ತಮ್ಮ ಜೀವಮಾನದಲ್ಲಿ ಒಂದಕ್ಷರ ಸೇರಿಸಿ ಓದಿದವರಲ್ಲ, ಒಂದಕ್ಷರ ನುಂಗಿದವರಲ್ಲ. ಹಾಗೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಚ್ಚುಕೂಟದವರೂ ಅಲ್ಲವೆನ್ನುತ್ತಿರಲಿಲ್ಲ.

ಅವರ ಮಗ ಬರೆದ ಪುಸ್ತಕಕ್ಕೆ ಉದ್ದನೆಯ ಹೆಸರೊಂದಿತ್ತು. ಜನ ಮಾತ್ರ ಅದನ್ನು ದೇಹದ ಪುಸ್ತಕ ಎಂದೇ ಕರೆದರು. ನೆತ್ತಿಯ ಕೂದಲಿನಿಂದ ಕಾಲಿನ ಉಗುರಿನವರೆಗೆ ಮನುಷ್ಯನ ಮೈಯಲ್ಲಿ ಏನೇನು ನಡೆಯುತ್ತದೆ ಎಂದು, ಪಕ್ಕದಲ್ಲಿ ಕೂತು ಹರಟೆ ಹೊಡೆದ ಹಾಗೆ ಬರೆದಿದ್ದ. ಕ್ಷೌರದಂಗಡಿಯ ಬೆಂಚಿನ ಮೇಲೆ, ಹಲ್ಲಿನ ಡಾಕ್ಟರ ಹೊರಕೋಣೆಯಲ್ಲಿ, ಶಾಲೆಯ ಬಹುಮಾನದ ಕಟ್ಟಿನಲ್ಲಿ, ಎಲ್ಲಿ ನೋಡಿದರೂ ಅದು. ಹಿಡಿದರೆ ಬಿಡದ ಹಾಗೆ ಓದಿಸಿಕೊಂಡು ಹೋಗುತ್ತಿತ್ತು. ಮತ್ತು ತಪ್ಪುಗಳಿಂದ ತುಂಬಿ ತುಳುಕುತ್ತಿತ್ತು.

ಸೊಸೆಗೆ ಅವನ ಪರಿಚಯವಾದದ್ದೇ ಆ ತಪ್ಪುಗಳಿಂದ. ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ್ದ ಹೊಸದು. ಪುಸ್ತಕದಂಗಡಿಯೊಂದರಲ್ಲಿ ಅವನು ಸಹಿ ಹಾಕುತ್ತ ಕೂತಿದ್ದಾಗ ನೇರ ಹೋಗಿ, "ನಾಲಿಗೆ ತುದಿಗೆ ಸಿಹಿ, ಹಿಂದಕ್ಕೆ ಕಹಿ ಅಂತ ಚಿತ್ರ ಬೇರೆ ಬರ್ದಿದ್ದೀರಲ್ಲ, ತಪ್ಪು ಅದು. ನಾಲಿಗೆಯ ಎಲ್ಲ ಕಡೆಗೂ ಎಲ್ಲ ರುಚಿನೂ ಗೊತ್ತಾಗುತ್ತೆ" ಎಂದಿದ್ದಳು. ಅವನು ತಲೆಯೆತ್ತಿ ನೋಡಿ, "ಹಾಗಾದ್ರೆ ನಿಮ್ಮ ನಾಲಿಗೆ ತುದೀಲಿ ಸಿಹಿ ಇಲ್ದೇ ಇರೋದಕ್ಕೆ ಬೇರೆ ಏನೋ ಕಾರಣ ಇರ್ಬೇಕು" ಎಂದಿದ್ದ. ಮದುವೆಯಾದ ಮೇಲೂ ಅದೇ ಜಗಳ. ರಕ್ತನಾಳದಲ್ಲಿ ಹರಿಯುವುದು ನೀಲಿ ರಕ್ತವಲ್ಲ ಎಂದು ಅವಳು, "ನಿನ್ನ ಸರಿಗಿಂತ ನನ್ನ ತಪ್ಪೇ ಚೆನ್ನಾಗಿ ಓದಿಸ್ಕೊಳ್ಳುತ್ತೆ" ಎಂದು ಅವನು. ಕೊನೆಗೆ, "ಆಯ್ತು ಮಾರಾಯ್ತಿ, ಮುಂದಿನ ಮುದ್ರಣಕ್ಕೆ ನೀನೇ ತಿದ್ದು. ನಾನು ಅಡ್ಡ ಬರಲ್ಲ" ಎಂದಿದ್ದ.

ಈಗ ಅವನು ಅಡ್ಡ ಬರುವ ಹಾಗಿರಲಿಲ್ಲ.

ಪ್ರಕಾಶಕರು ಮನೆಗೇ ಬಂದರು. ಕನ್ನಡಕವನ್ನು ಹಣೆಗೇರಿಸಿಕೊಂಡು ಊರೆಲ್ಲ ಕನ್ನಡಕ ಹುಡುಕುವ ಮನುಷ್ಯ. ಸಾವಾದ ಮೇಲೆ ಮೊದಲ ಸಲ ಬಂದದ್ದರಿಂದ ಹೇಗೆ ಕೂರಬೇಕೆಂದು ತಿಳಿಯದೆ ಕುರ್ಚಿಯ ತುದಿಗೆ ಕೂತರು.

"ಗ್ರಂಥಾಲಯದೋರು ಕೇಳ್ತಿದ್ದಾರೆ ಮೇಡಂ. ಎಲ್ಲ ಶಾಖೆಗೂ ತಗೋತಾರಂತೆ. ಆದ್ರೆ ತಪ್ಪು ತಿದ್ದಿ ಕೊಡಿ ಅಂತಾರೆ. ಯಾರೋ ಡಾಕ್ಟರು ಓದ್ಬಿಟ್ಟು ಗಲಾಟೆ ಮಾಡಿದ್ದಾರೆ."

"ಯಾವ್ಯಾವ ತಪ್ಪು?"

"ನಿಮಗೆ ಗೊತ್ತಿಲ್ಲದ್ದಾ? ನಾಲಿಗೆ ತಿದ್ದಿ, ಮೆದುಳು ತಿದ್ದಿ, ರಕ್ತದ ಬಣ್ಣ ತಿದ್ದಿ. ಜೋಕಿಗೆ ಮಾತ್ರ ಕೈ ಹಾಕ್ಬೇಡಿ, ಜನ ಓದೋದೇ ಅದಕ್ಕೆ." ಏನೋ ಆಡಬಾರದ್ದು ಆಡಿದೆ ಅನ್ನಿಸಿ ಅವರು ಜೇಬು ಮುಟ್ಟಿ ನೋಡಿಕೊಂಡು ಕನ್ನಡಕ ಹುಡುಕತೊಡಗಿದರು.

"ಹಣೆ ಮೇಲಿದೆ," ಎಂದರು ಅತ್ತೆ ಒಳಗಿನಿಂದ ಬರುತ್ತ. "ಕಾಪಿ ನಾನು ಓದ್ತೀನಿ. ಹೊರಗಿನೋರಿಗೆ ಕೊಡ್ಬೇಡಿ. ಈ ಪುಸ್ತಕದ ಒಂದು ಮುದ್ರಣಾನೂ ನನ್ನ ಬಾಯಿ ದಾಟದೆ ಹೋಗಿಲ್ಲ."

"ಅದಲ್ಲಮ್ಮ, ಈ ವಯಸ್ಸಲ್ಲಿ ನಿಮ್ಮ ಕಣ್ಣು..."

"ನಿಮ್ಮ ಕನ್ನಡಕ ಕಂಡಿದ್ದು ಯಾರ ಕಣ್ಣಿಗೆ?"

ಪ್ರಕಾಶಕರು ಕನ್ನಡಕ ಇಳಿಸಿಕೊಂಡರು. ಸೊಸೆ ಅತ್ತೆಯ ಮುಖ ನೋಡಿದಳು. ಮಗ ಹೋದ ಮೇಲೆ ಅತ್ತೆ ಗಟ್ಟಿಯಾಗಿ ಏನನ್ನೂ ಓದಿರಲಿಲ್ಲ. ಔಷಧದ ಡಬ್ಬಿಯನ್ನು ತುಟಿ ಅಲ್ಲಾಡಿಸದೆ ಓದಿ ಇಟ್ಟುಬಿಡುತ್ತಿದ್ದರು. ಚುಕ್ಕೆ ಎಂಬ ಮಾತು ಆ ಮನೆಯಲ್ಲಿ ಕೇಳಿ ತಿಂಗಳುಗಳಾಗಿದ್ದವು.

ಅವಳು ಹೂಂ ಎಂದಳು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ದೀಪ ಆರಿಸಿದರೆ ಮಲಗುತ್ತಿದ್ದಳು. ರಜೆ ಮುಗಿದ ಮೊದಲ ವಾರವೇ ಕಾಲೇಜಿನಲ್ಲಿ ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು, ಬಾಣದ ಗುರುತು ಹಾಕಿ, ಪಾಠ ಮುಗಿಸಿ ಬಂದಿದ್ದಳು. ಸೀಮೆಸುಣ್ಣ ಎಲ್ಲೂ ಮುರಿಯಲಿಲ್ಲ, ಗಂಟಲು ಎಲ್ಲೂ ಕಟ್ಟಲಿಲ್ಲ. ಗಟ್ಟಿಗಿತ್ತಿ ಎಂದರು ಜೊತೆಯವರು. ಗಟ್ಟಿಯಾಗಿರುವುದಕ್ಕೂ ಮರಗಟ್ಟಿರುವುದಕ್ಕೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹಳೆಯ ಪ್ರತಿಯೊಂದರ ಬೆನ್ನನ್ನು ಬ್ಲೇಡಿನಿಂದ ಕೊಯ್ದು ಹಾಳೆ ಬಿಡಿಸಿಕೊಂಡಳು. ಚಿಕ್ಕ ತಪ್ಪಿದ್ದರೆ ಅಂಚಿನಲ್ಲಿ ಬರೆಯುವುದು, ದೊಡ್ಡದಿದ್ದರೆ ಮೇಲೊಂದು ಚೀಟಿ ಅಂಟಿಸುವುದು. ನಾಲಿಗೆಯ ನಕ್ಷೆ ತೆಗೆದಳು. ರಕ್ತವನ್ನು ಎಲ್ಲ ಕಡೆಯೂ ಕೆಂಪು ಮಾಡಿದಳು, ಒಂದು ಕಡೆ ತಿಳಿ, ಒಂದು ಕಡೆ ದಟ್ಟ. "ಮೆದುಳಿನ ಹತ್ತನೇ ಒಂದು ಪಾಲು ಮಾತ್ರ ನಮ್ಮ ಬಳಕೆಗೆ, ಉಳಿದ ಕೋಣೆಗಳನ್ನು ಬಾಡಿಗೆಗೆ ಕೊಡಬಹುದು" ಎಂದು ಬರೆದಿದ್ದ. ಇಡೀ ಮೆದುಳನ್ನು ಬಳಸುತ್ತೇವೆ ಎಂದು ತಿದ್ದಿದಳು. ಬಾಡಿಗೆಯ ಜೋಕು ನಿಲ್ಲಲು ನೆಲವಿಲ್ಲದೆ ಬಿದ್ದುಹೋಯಿತು. ಪ್ರಕಾಶಕರು ಅಂದದ್ದು ಸುಲಭ. ಅವನ ತಪ್ಪು ಎಲ್ಲಿತ್ತೋ ಅವನ ನಗುವೂ ಅಲ್ಲೇ ಇತ್ತು, ಒಂದನ್ನು ಎಳೆದರೆ ಇನ್ನೊಂದು ಜೊತೆಗೆ ಬರುತ್ತಿತ್ತು. ಪುಟ ತಿರುವಿದ ಹಾಗೆಲ್ಲ ಪುಸ್ತಕ ಸರಿಯಾಗುತ್ತಿತ್ತು, ಅವನು ತೆಳ್ಳಗಾಗುತ್ತಿದ್ದ.

ಹೀಗೆ ಹೊಟ್ಟೆಯ ಅಧ್ಯಾಯಕ್ಕೆ ಬಂದಳು. ಎಪ್ಪತ್ತೇಳನೇ ಪುಟ.

"ಎದೆಯ ಕೆಳಗೆ, ಹೊಟ್ಟೆಯ ಮೇಲೆ ನೋವು ಬಂದೊಡನೆ ಹೃದಯಾಘಾತವೆಂದು ಉಯಿಲು ಬರೆಯಲು ಕೂರಬೇಡಿ. ನಲವತ್ತು ದಾಟದವರಿಗೆ, ಎಡಗೈಗೆ ನೋವು ಇಳಿಯದಿದ್ದರೆ, ಅದು ಗ್ಯಾಸ್. ಬಿಸಿನೀರು ಕುಡಿದು ಎಡಮಗ್ಗುಲಿಗೆ ಮಲಗಿ. ಹೃದಯ ದೊಡ್ಡಮನುಷ್ಯ, ಹೊಟ್ಟೆಯ ಜಗಳಕ್ಕೆ ಅವನನ್ನು ಎಳೆಯಬೇಡಿ."

ಆ ಪುಟವನ್ನು ಅವಳೂ ಎಷ್ಟೋ ಸಲ ಓದಿದ್ದಳು. ದೊಡ್ಡಮನುಷ್ಯ ಎಂಬಲ್ಲಿ ನಕ್ಕು ಮುಂದೆ ಹೋಗಿದ್ದಳು.

ಅವನಿಗೆ ನಲವತ್ತು ದಾಟಿರಲಿಲ್ಲ. ಅವಳು ಕಾಲೇಜಿಗೆ ಹೋಗಿದ್ದ ಒಂದು ಬೆಳಿಗ್ಗೆ ಹೊಟ್ಟೆಯ ಮೇಲುಭಾಗದಲ್ಲಿ ನೋವು ಬಂತು, ದವಡೆ ಹಿಡಿಯಿತು, ಮೈ ಬೆವರಿತು. ಎಡಗೈಗೆ ಇಳಿಯಲಿಲ್ಲ. ಅತ್ತೆ ಬಿಸಿನೀರು ಕಾಯಿಸಿ ಕೊಟ್ಟರು. ಅವನು ಎಡಮಗ್ಗುಲಿಗೆ ಮಲಗಿದ. ಮಧ್ಯಾಹ್ನ ಅವಳು ಬಂದು ಚಪ್ಪಲಿ ಬಿಡುವಾಗ ಅತ್ತೆ ಬಾಯಿಗೆ ಬೆರಳಿಟ್ಟು, "ಈಗ ಮಲಗಿದ್ದಾನೆ, ಎಬ್ಬಿಸ್ಬೇಡ" ಎಂದಿದ್ದರು.

ಆಸ್ಪತ್ರೆಯ ವೈದ್ಯರು ಕೈಗವಸು ಬಿಚ್ಚುತ್ತ, ಅವಳನ್ನು ನೋಡದೆ ಅತ್ತೆಯನ್ನೇ ನೋಡಿ, "ಪಕ್ಕದಲ್ಲಿ ನಾನೇ ಇದ್ದಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ ತಾಯಿ" ಎಂದರು. ಮುದುಕಿಯ ಮೇಲಿನ ಕರುಣೆಗೆ ಹೇಳಿದ ಸುಳ್ಳು ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ನೋವು ಬಂದಾಗಲೇ ಹೊರಟಿದ್ದರೆ ಅವನು ಬಹುಶಃ ಬದುಕುತ್ತಿದ್ದ. ಅವಳು ಬಾಯಿ ಬಿಡಲಿಲ್ಲ. ಅಂದಿನಿಂದ ಅತ್ತೆ ಆ ಒಂದು ವಾಕ್ಯದ ಮೇಲೆ ನಿಂತಿದ್ದರು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದರು. "ಗ್ಯಾಸ್ ಅಂದ, ಬಿಸಿನೀರು ಕೊಟ್ಟೆ, ಮಲಗಿದ. ಪಕ್ಕದಲ್ಲಿ ಡಾಕ್ಟರೇ ಇದ್ದಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲವಂತೆ." ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಎಪ್ಪತ್ತೇಳನೇ ಪುಟ ತಿದ್ದಿದರೆ ಆ ವಾಕ್ಯ ಅತ್ತೆಯ ಕಾಲ ಕೆಳಗಿನಿಂದ ಜಾರುತ್ತದೆ. ತಿದ್ದದೆ ಬಿಟ್ಟರೆ, ಯಾವುದೋ ಗ್ರಂಥಾಲಯದಲ್ಲಿ ಆ ಪುಟ ಓದಿದ ಯಾರೋ ಒಬ್ಬ ಬಿಸಿನೀರು ಕುಡಿದು ಎಡಮಗ್ಗುಲಿಗೆ ಮಲಗುತ್ತಾನೆ.

ಸೊಸೆ ನಾದಿನಿಗೆ ಫೋನು ಮಾಡಿ ಪುಟದ ವಿಷಯ ಹೇಳಿದಳು. ನಾದಿನಿ ದೂರದ ಊರಿನಲ್ಲಿ ಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿ. ಫೋನಿನಲ್ಲಿ ಅವಳ ಮಾತಿಗಿಂತ ಮೊದಲು ಹೊಲಿಗೆ ಯಂತ್ರಗಳ ಗದ್ದಲ ಬರುತ್ತಿತ್ತು.

"ಅತ್ತಿಗೆ, ಆ ಪುಟ ಒಂದು ಬಿಟ್ಬಿಡಿ."

"ಓದೋರ ಗತಿ?"

"ಓದೋರು ಹಾಳಾಗ್ಲಿ. ನನಗೆ ಉಳಿದಿರೋದು ಅಮ್ಮ ಒಬ್ಬಳು." ಯಂತ್ರಗಳ ಸದ್ದು ಕಮ್ಮಿಯಾಯಿತು, ಎಲ್ಲೋ ಮೂಲೆಗೆ ಹೋಗಿ ನಿಂತಳೇನೋ. "ನಾನು ಹಾಗನ್ನಬಾರದು, ಗೊತ್ತು. ಆದ್ರೆ ಅಣ್ಣನ್ನ ನಾನೇ ಮಲಗಿಸಿ ಕೊಂದೆ ಅಂತ ಅಮ್ಮಂಗೆ ಅನ್ನಿಸಿಬಿಟ್ರೆ? ಒಂದಿನ ಬದುಕ್ತಾಳಾ?"

"ಬಿಡೋಕಾಗಲ್ಲ."

"ಹಾಗಾದ್ರೆ ಆ ಹಾಳೆ ಅಮ್ಮನ ಕೈಗೆ ಕೊಡ್ಬೇಡಿ. ನೀವೊಬ್ರೇ ನೋಡಿ ಕಳಿಸ್ಬಿಡಿ."

"ಪುಸ್ತಕ ಬಂದ ಮೇಲೆ?"

"ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕಿ ಕೊಡೋಣ. ನಮ್ಮ ಕಾರ್ಖಾನೇಲಿ ಲೇಬಲ್ ಬದಲಾಯಿಸಿದ ಹಾಗೆ." ಎಂದವಳೇ ನಕ್ಕಳು. ನಗು ಅರ್ಧಕ್ಕೆ ಬೇರೇನೋ ಆಯಿತು. ಫೋನು ಇಟ್ಟಳು.

ಸೊಸೆ ಚೀಟಿ ಬರೆದಳು. ಪಾಠ ಹೇಳುವ ಹಾಗೆ ಬರೆದಳು, ಬೇರೆ ಥರ ಅವಳಿಗೆ ಬರುತ್ತಿರಲಿಲ್ಲ. ಅಂಟು ಸವರಿ ಅವನ ಸಾಲುಗಳ ಮೇಲೆ ಒತ್ತಿದಳು. ದೊಡ್ಡಮನುಷ್ಯ ಚೀಟಿಯ ಕೆಳಗೆ ಹೋದ.

ಹೊಸ ಕರಡು ಬಂದ ಮೇಲೆ 'ಓದು' ಶುರುವಾಯಿತು. ಸಂಜೆ ಕಾಲೇಜಿನಿಂದ ಬಂದು ಅವಳು ಊಟದ ಮೇಜಿನ ಈ ಕಡೆ ಕೂರುವುದು, ತಿದ್ದಿದ ಹಾಳೆಗಳನ್ನು ಹಿಡಿದು ಅತ್ತೆ ಆ ಕಡೆ. ಮೊದಲ ದಿನ ಅತ್ತೆ ಗಂಟಲು ಸರಿಪಡಿಸಿಕೊಳ್ಳಲು ಬಹಳ ಹೊತ್ತು ಮಾಡಿದರು. ನೀರು ಕುಡಿದರು. ಕಿಟಕಿ ಮುಚ್ಚಿದರು, ತೆರೆದರು. ಆಮೇಲೆ ಒಂದೇ ಸಲಕ್ಕೆ ಹಳೆಯ ರೇಡಿಯೋ ಹತ್ತಿಕೊಂಡ ಹಾಗೆ, "ನಿಮ್ಮ ಮೈ ನಿಮ್ಮದೇ ಎಂದು ನೀವು ತಿಳಿದಿದ್ದೀರಿ ಕಾಮಾ ಪಾಪ ಚುಕ್ಕೆ" ಎಂದು ಓಡತೊಡಗಿದರು. ಮಗನ ಮಾತು ತಾಯಿಯ ಬಾಯಲ್ಲಿ ಬರುತ್ತಿತ್ತು. ಸೊಸೆ ತಲೆ ತಗ್ಗಿಸಿ ಕೆಂಪು ಪೆನ್ನನ್ನು ಸಾಲಿನಿಂದ ಸಾಲಿಗೆ ನಡೆಸಿದಳು.

ತಿದ್ದಿದ ಕಡೆ ಅತ್ತೆ ಒಂದು ಕ್ಷಣ ನಿಲ್ಲುತ್ತಿದ್ದರು, ಅಷ್ಟೇ. ಮೆದುಳಿನ ಪುಟದಲ್ಲಿ, "ಬಾಡಿಗೆದಾರರನ್ನ ಎಬ್ಬಿಸಿಬಿಟ್ಟೆ" ಎಂದರು.

"ಜಾಗ ಖಾಲಿ ಇರಲಿಲ್ಲ ಅತ್ತೆ."

"ಅವನ ತಲೇಲಂತೂ ಇತ್ತು."

ಇಬ್ಬರಿಗೂ ಸ್ವಲ್ಪ ನಗು ಬಂತು. ಬಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಚರ್ಮದ ಅಧ್ಯಾಯದಲ್ಲಿ ಉಗುರು ಬಂತು. ಸತ್ತ ಮೇಲೂ ಉಗುರು, ಕೂದಲು ಕೆಲವು ದಿನ ಬೆಳೆಯುತ್ತವೆ ಎಂದು ಅವನು ಬರೆದಿದ್ದ. "ಊರಿಗೆಲ್ಲ ಸುದ್ದಿ ಮುಟ್ಟಿದ ಮೇಲೂ ಉಗುರಿಗೆ ಮುಟ್ಟಿರುವುದಿಲ್ಲ." ಅವಳು ಅದನ್ನು ಹೊಡೆದುಹಾಕಿ, ಬೆಳೆಯುವುದಿಲ್ಲ, ಸುತ್ತಲಿನ ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಹಾಗೆ ಕಾಣುತ್ತದೆ ಎಂದು ಬರೆದಿದ್ದಳು. ಅತ್ತೆ ಅದನ್ನು ಚುಕ್ಕೆಯವರೆಗೂ ಓದಿ, ಹಾಳೆ ಕೆಳಗಿಟ್ಟರು.

"ಬೆಳೆಯೋದಿಲ್ವಾ?"

"ಇಲ್ಲ ಅತ್ತೆ."

"ಒಂದೆರಡು ದಿನಾನೂ?"

"ಇಲ್ಲ."

ಅತ್ತೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ನಾನು ಅಂದ್ಕೊಂಡಿದ್ದೆ, ಸ್ವಲ್ಪ ದಿನ ಹಾಗೇ ಏನೋ ಒಂಚೂರು ನಡೀತಿರುತ್ತೆ ಅಂತ. ಒಳಗೆ." ಮತ್ತೆ ಹಾಳೆ ಎತ್ತಿಕೊಂಡರು. "ಇರಲಿ. ಮುಂದೆ."

ಹೊಟ್ಟೆಯ ಅಧ್ಯಾಯ ಒಂದು ಭಾನುವಾರ ಬರುವುದಿತ್ತು. ಅತ್ತೆ ಸ್ನಾನಕ್ಕೆ ಹೋದಾಗ ಅವಳು ಕಟ್ಟಿನಿಂದ ಒಂದು ಹಾಳೆ ತೆಗೆದು ಕಾಲೇಜಿನ ಚೀಲದಲ್ಲಿಟ್ಟಳು. ಕರಡಿನಲ್ಲಿ ಅದರ ಜೋಡಿ ಹಾಳೆಯನ್ನೂ. ಕಳ್ಳತನ ಮಾಡಿದವರಿಗೆ ಎದೆ ಹೊಡೆದುಕೊಳ್ಳುತ್ತದಂತೆ. ಅವಳಿಗೆ ಏನೂ ಆಗಲಿಲ್ಲ.

ಬೆಳಗಿನ ಬಿಸಿಲು ಮೇಜಿನ ಅರ್ಧಕ್ಕೆ ಬಿದ್ದಿತ್ತು. ಅತ್ತೆಯ ಒದ್ದೆ ಕೂದಲು ಹೆಗಲ ಮೇಲೆ ಹರಡಿತ್ತು. ಅನ್ನನಾಳ ಮುಗಿಯಿತು, ಜಠರದ ಆಮ್ಲ ಮುಗಿಯಿತು. ಅತ್ತೆ ಪುಟ ತಿರುವಿ, "ಎಪ್ಪತ್ತಾರು" ಎಂದರು. ಅದನ್ನು ಓದಿ ಮುಗಿಸಿ ಮುಂದಿನ ಹಾಳೆ ಎತ್ತಿಕೊಂಡು, "ಎಪ್ಪತ್ತೊಂಬತ್ತು" ಎಂದು ನಿಂತರು.

"ಹಾಳೆ ಎಲ್ಲಿ?"

"ಅದಾಯ್ತು ಅತ್ತೆ. ನಾನೇ ನೋಡ್ಬಿಟ್ಟೆ."

"ಒಬ್ಬಳೇ?"

"ಚಿಕ್ಕದಿತ್ತು. ಅದಕ್ಕೇ..."

"ಒಬ್ಬರೇ ನೋಡಿದ್ದನ್ನ ನಾವು ನೋಡಿದ್ದು ಅನ್ನೋದಿಲ್ಲ." ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಸಿಟ್ಟಾದ ಹಾಗೆ ಕಾಣಲಿಲ್ಲ. "ಗ್ಯಾಸಿನ ಪುಟ ತಾನೇ? ತಗೊಂಡ್ ಬಾಮ್ಮ."

ಅವಳು ಏಳಲಿಲ್ಲ. "ಬೇಡ ಅತ್ತೆ."

"ನಿನ್ನ ಚೀಲದಲ್ಲಿದೆ. ಸ್ನಾನದ ಮನೆ ಬಾಗಿಲು ಪೂರ್ತಿ ಹಾಕ್ಕೊಳ್ಳೋಲ್ಲ ನಾನು, ಜಾರಿ ಬಿದ್ರೆ ಅಂತ ನೀನೇ ಹೇಳಿದ್ದು. ಹೋಗು, ತಗೊಂಡ್ ಬಾ."

ಅವಳು ತಂದಳು. ಅತ್ತೆ ಹಾಳೆಯನ್ನು ಬಿಸಿಲಿಗೆ ಹಿಡಿದರು. ಅಂಟಿಸಿದ ಚೀಟಿಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದರು, ಕೆಳಗೆ ಇನ್ನೂ ಏನಾದರೂ ಕೈಗೆ ಸಿಗುತ್ತದೆಯೇ ಎಂಬ ಹಾಗೆ. ಆಮೇಲೆ ಓದಿದರು. ಅದೇ ರೇಡಿಯೋ ದನಿ, ಏರಿಲ್ಲ, ಇಳಿವಿಲ್ಲ.

"ಎದೆಯ ನಡುವೆ ಅಥವಾ ಹೊಟ್ಟೆಯ ಮೇಲುಭಾಗದಲ್ಲಿ ಒತ್ತಿದಂಥ ನೋವು ಕಾಮಾ ದವಡೆ ಕಾಮಾ ಬೆನ್ನು ಅಥವಾ ಯಾವುದೇ ತೋಳಿಗೆ ಹರಡುವ ನೋವು ಕಾಮಾ ತಣ್ಣನೆಯ ಬೆವರು ಕಾಮಾ ಏದುಸಿರು ಕಾಮಾ ವಾಕರಿಕೆ ಕಾಮಾ ಇವು ಹೃದಯಾಘಾತದ ಸೂಚನೆಗಳಿರಬಹುದು ಚುಕ್ಕೆ. ಎಡಗೈ ನೋಯಲೇಬೇಕೆಂದಿಲ್ಲ ಚುಕ್ಕೆ. ಚಿಕ್ಕ ವಯಸ್ಸಿನವರಿಗೂ ಬರಬಹುದು ಚುಕ್ಕೆ. ಗ್ಯಾಸ್ ಇರಬಹುದೆಂದು ಕಾಯಬೇಡಿ ಚುಕ್ಕೆ. ತಕ್ಷಣ ಆಂಬುಲೆನ್ಸ್ ಕರೆಯಿರಿ ಚುಕ್ಕೆ. ಬೇಗ ಆಸ್ಪತ್ರೆ ತಲುಪಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ ಚುಕ್ಕೆ."

ಪೆನ್ನು ಕೊನೆಯ ಸಾಲಿನ ಕೊನೆಗೆ ಬಂದು ನಿಂತಿತು. ಸೊಸೆ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಅತ್ತೆ ಮುಂದುವರಿಸಿದರು.

"ವಯಸ್ಸು ಎಷ್ಟೇ ಇರಲಿ ಕಾಮಾ ಮನೆಯಲ್ಲಿ ತಾಯಿಯೇ ಗ್ಯಾಸ್ ಎಂದರೂ ಕಾಮಾ ಕೇಳಬೇಡಿ ಚುಕ್ಕೆ."

ಅವಳು ಕರಡಿನಲ್ಲಿ ಆ ಸಾಲು ಹುಡುಕಿದಳು. ಇರಲಿಲ್ಲ. ಅಚ್ಚಿನವರು ಒಂದು ಸಾಲು ಬಿಟ್ಟಿದ್ದಾರೆ ಎಂದುಕೊಂಡು, ನೋಡಲು ಎದ್ದು ಅತ್ತೆಯ ಕಡೆಗೆ ಬಾಗಿದಳು. ತನ್ನದೇ ಕೈಬರಹದ ಚೀಟಿ. 'ಬದುಕುತ್ತಾರೆ' ಎಂಬಲ್ಲಿಗೆ ಅದು ಮುಗಿದಿತ್ತು. ಕೆಳಗೆ ಬರೀ ಬಿಳಿ.

"ಅತ್ತೆ, ಅದು ಕಾಪಿಯಲ್ಲಿಲ್ಲ."

"ಗೊತ್ತು."

ಅವಳು ಹಾಗೇ ನಿಂತಳು.

"ಆವತ್ತು ಅವನು ಕೇಳ್ದ," ಎಂದರು ಅತ್ತೆ. "ಆಸ್ಪತ್ರೆಗೆ ಹೋಗೋಣ್ವಾ ಅಮ್ಮಾ, ಯಾಕೋ ಬೇರೆ ಥರ ಇದೆ ಅಂದ. ನಾನು ಒಲೆ ಹತ್ರ ಇದ್ದೆ. ಪುಸ್ತಕ ಬರೆದೋನಿಗೆ ಪುಟ ಮರೆತು ಹೋಯ್ತಾ ಅಂತ ತಮಾಷೆ ಮಾಡ್ದೆ. ಬಾಯಿಗೆ ಬರುತ್ತಲ್ಲ ನನಗೆ. ಅಲ್ಲಿಂದಲೇ ಓದಿ ಹೇಳ್ದೆ. ನಲವತ್ತು ದಾಟದವರಿಗೆ ಕಾಮಾ ಎಡಗೈಗೆ ನೋವು ಇಳಿಯದಿದ್ದರೆ ಕಾಮಾ ಅದು ಗ್ಯಾಸ್. ಅವನಿಗೆ ನಗು ಬಂತು. ಆ ನೋವಲ್ಲೂ ನಗು. ಚುಕ್ಕೆ ಮರೆತೆ ಅಮ್ಮಾ ಅಂದ. ನಾನು ಚುಕ್ಕೆ ಅಂದೆ." ಅತ್ತೆ ಹಾಳೆಯನ್ನು ಮೇಜಿನ ಮೇಲಿಟ್ಟು ನೆಟ್ಟಗೆ ಮಾಡಿದರು. "ಮಲ್ಕೊಂಡ."

ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಡಾಕ್ಟರು ಹೇಳಿದ್ರಲ್ಲ ಅತ್ತೆ. ಪಕ್ಕದಲ್ಲಿ ಇದ್ದಿದ್ರೂ..."

"ನೀನು ಓದಿದವಳು. ಅದು ನಿಜ ಅಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ?"

ಅವಳು ಗೊತ್ತಿತ್ತು ಎಂದು ತಲೆಯಾಡಿಸಿದಳು.

"ನನಗೂ ಗೊತ್ತಿತ್ತು. ಮೂಲದಲ್ಲಿ ತಪ್ಪಿದ್ರೂ ಇದ್ದ ಹಾಗೇ ಓದಿ ಅಭ್ಯಾಸ. ಬಂದೋರಿಗೆಲ್ಲ ಓದಿದೆ." ಅತ್ತೆ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಈ ಪುಟಕ್ಕೋಸ್ಕರಾನೇ ಕಾಪಿ ನಾನು ಓದ್ತೀನಿ ಅಂದಿದ್ದು. ನೀನು ತಿದ್ದುತ್ತೀಯೋ, ಈ ಮುದುಕಿ ಮುಖ ನೋಡಿ ಬಿಟ್ಬಿಡ್ತೀಯೋ ಅಂತ ದಿನಾ ಹೆದರಿಕೊಂಡು ಕೂತಿದ್ದೆ. ತಿದ್ದಿದ್ದೀಯ. ಒಳ್ಳೇದಾಯ್ತು. ಈಗ ನಾನು ಓದಿದ್ದನ್ನ ಬರ್ಕೋ."

"ಅತ್ತೆ, ಅದು ಬೇಕಾಗಿಲ್ಲ. ಕಾಯಬೇಡಿ ಅಂತ ಆಗಲೇ ಇದೆ."

"ಕಾಯಬೇಡಿ ಅಂದ್ರೆ ಯಾರು ಕೇಳ್ತಾರೆ? ಯಾರ ಮಾತಿಗೆ ಕಾಯ್ತಾರೆ ಅಂತ ಹೇಳ್ಬೇಕು. ಬರ್ಕೋ."

ಅವಳು ಕೂತು ಕರಡಿನಲ್ಲಿ ಕೊನೆಯ ಚುಕ್ಕೆಯ ಪಕ್ಕ ಸೇರಿಸುವ ಗುರುತು ಹಾಕಿದಳು. ಅಂಚಿಗೆ ಗೆರೆ ಎಳೆದು ಬರೆದಳು. ಅತ್ತೆ ಅವಳ ಕೈಯನ್ನೇ ನೋಡುತ್ತಿದ್ದರು, ಆದರೆ ಅಷ್ಟು ದೂರದಿಂದ ಅಕ್ಷರ ಕಾಣುತ್ತಿರಲಿಲ್ಲ.

"ಆಯ್ತಾ? ತಿರುಗಿ ಓದು."

"ವಯಸ್ಸು ಎಷ್ಟೇ ಇರಲಿ ಕಾಮಾ ಮನೆಯಲ್ಲಿ ಯಾರೇ ಗ್ಯಾಸ್ ಎಂದರೂ ಕಾಮಾ ಕೇಳಬೇಡಿ ಚುಕ್ಕೆ."

"ಯಾರೇ ಅಂತ ಓದಿದ್ನಾ ನಾನು?"

"ಇಲ್ಲ."

"ಏನು ಓದಿದೆ?"

ಅವಳಿಗೆ ಆ ಪದ ಬಾಯಿಗೆ ಬರಲಿಲ್ಲ.

"ನಾನು ಒಂದಕ್ಷರ ಬದಲಾಯಿಸಿದೋಳಲ್ಲ. ನೀನೂ ಬದಲಾಯಿಸ್ಬೇಡ. ನಾನು ಅಂದಿದ್ದನ್ನ ನಾನು ಅಂದ ಹಾಗೇ ಹಾಕು ಮಗಳೇ."

ಅವಳು 'ಯಾರೇ' ಎಂಬುದರ ಮೇಲೆ ಗೀಟು ಎಳೆದಳು. ಮೇಲೆ, ಇದ್ದ ಇಷ್ಟೇ ಜಾಗದಲ್ಲಿ, ಇನ್ನೊಂದನ್ನು ಬರೆದಳು. ಹಾಳೆ ಎತ್ತಿ ಹಿಡಿದಳು. ತರಗತಿಯಲ್ಲಿ ಎಲ್ಲೂ ಕಟ್ಟದ ಗಂಟಲು ಎರಡನೇ ಕಾಮಾ ಬರುವ ಮೊದಲೇ ಕಟ್ಟಿತು. ಅತ್ತೆ ಕಾದರು. ಎದ್ದು ಬಂದು ತಲೆ ಸವರಲಿಲ್ಲ, ನೀರು ಕೊಡಲಿಲ್ಲ, ಅಳಬೇಡ ಎನ್ನಲಿಲ್ಲ. ಮೇಜಿನ ಆಚೆ ಕೈಕಟ್ಟಿ ಕೂತು, ಬಹಳ ಹೊತ್ತು, ಅವಳ ಅಳು ಒಂದು ದಡ ಮುಟ್ಟುವವರೆಗೂ ಕಾದರು.

"ಅರ್ಧ ಓದಿದ್ದು ಲೆಕ್ಕಕ್ಕಿಲ್ಲ," ಎಂದರು ಆಮೇಲೆ. "ಮೊದಲಿಂದ ಓದು."

ಅವಳು ಮೊದಲಿನಿಂದ ಓದಿದಳು. ವಯಸ್ಸು, ಮನೆ, ತಾಯಿ. ಕಾಮಾಗಳನ್ನು ಅವು ಇದ್ದ ಕಡೆಯೇ ಹೇಳಿದಳು. ಕೇಳಬೇಡಿ ಎಂಬಲ್ಲಿಗೆ ಬಂದು ನಿಂತಳು.

"ಚುಕ್ಕೆ ಮರೆತೆ," ಎಂದರು ಅತ್ತೆ.